ಸಾಕು ಎನ್ನುವಷ್ಟರಲ್ಲಿ

ಸಿಗರೇಟು ಸೇದುವವರಿಗೆ ಪಾರ್ಕಿನ್ಸನ್ ಕಾಯಿಲೆ ಬರುವುದು ಕಡಿಮೆ ಎಂದು ಓದಿದ ದಿನ ಆ ಪತ್ರಿಕೆಯನ್ನು ಮಡಚಿ ಅಕ್ಕಿ ಡಬ್ಬದ ಹಿಂದೆ ತುರುಕಿದೆ. ಸಂಜೆ ಭಾವನವರು ಬರುವವರಿದ್ದರು. ಹೆಂಡತಿಯ ಅಣ್ಣ, ಮೀಸೆ ಮೂಡುವ ಮೊದಲೇ ಬೀಡಿ ಹಚ್ಚಿದವರು. ನಾನು ಮದುವೆಯಾದ ಲಾಗಾಯ್ತು ಅವರಿಗೆ ಬೀಡಿಯ ಕೇಡಿನ ಬಗ್ಗೆ ಉಪನ್ಯಾಸ ಕೊಡುತ್ತ ಬಂದವನು. ಈಗ ಎಪ್ಪತ್ತು ದಾಟಿದ ಅವರು ಸುಲಿಗೋಲಿನಲ್ಲಿ ಕಾಯಿ ಸುಲಿಯುತ್ತಾರೆ. ಅವರಿಗಿಂತ ಚಿಕ್ಕವನಾದ ನಾನು ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಅವರ ತಂಗಿಯನ್ನು ಕರೆಯುತ್ತೇನೆ. ಬರೆದದ್ದು ಸಿಗರೇಟು, ನಿಮ್ಮದು ಬೀಡಿ, ಎರಡೂ ಬೇರೆ ಎಂದು ವಾದಿಸಬಹುದಿತ್ತು. ಪುಪ್ಪುಸಕ್ಕೆ ಆಗುವ ಅನಾಹುತದ ಮುಂದೆ ಈ ಲಾಭ ಏನೇನೂ ಅಲ್ಲ ಎನ್ನಬಹುದಿತ್ತು. ಆದರೆ ಗೆದ್ದವರು ಅಂಥ ಸಣ್ಣ ವ್ಯತ್ಯಾಸಗಳಿಗೆ ಕಿವಿ ಕೊಡುವುದಿಲ್ಲ.

ಅದೇ ಲೇಖನದ ಕೆಳಗೆ ಇನ್ನೊಂದು ಸಾಲಿತ್ತು. ಕಾಫಿ ಕುಡಿಯುವವರಲ್ಲೂ ಈ ಕಾಯಿಲೆ ಕಡಿಮೆಯಂತೆ. ಇದಂತೂ ನನಗೆ ನೇರ ಅನ್ಯಾಯ ಅನಿಸಿತು. ಮಲೆನಾಡಿನಲ್ಲಿ ಹುಟ್ಟಿ, ಹಾಲು ಬಿಟ್ಟ ಕೂಡಲೇ ಕಾಫಿ ಹಿಡಿದು, ಸಾಗರದ ಮಳೆಗಾಲಗಳನ್ನು ಲೋಟದ ಮೇಲೆ ಲೋಟ ಇಳಿಸಿ ದಾಟಿದ ಮನುಷ್ಯ ನಾನು. ಸಂಖ್ಯಾಶಾಸ್ತ್ರದ ಸರಾಸರಿಯಲ್ಲಿ ನನ್ನ ಪಾಲಿನ ರಕ್ಷಣೆಯನ್ನು ಯಾರೋ ಟೀ ಕುಡಿಯುವವನು ಹೊಡೆದುಕೊಂಡಿರಬೇಕು.

ಮೊದಲು ಕೈಕೊಟ್ಟದ್ದು ಕೈಯಲ್ಲ, ಮೂಗು. ನಮ್ಮ ಕಡೆ ಉಪ್ಪಿನಕಾಯಿಗೆ ಅಪ್ಪೆಮಿಡಿ ಕೊಳ್ಳುವುದೆಂದರೆ ಮಗಳಿಗೆ ವರ ನೋಡುವಷ್ಟು ಗಂಭೀರ ವ್ಯವಹಾರ. ಮಿಡಿಯ ತೊಟ್ಟು ಮುರಿಯಬೇಕು, ಸೊನೆ ಚಿಮ್ಮಿದ ಕೂಡಲೇ ಮೂಸಬೇಕು, ಜೀರಿಗೆ ಪರಿಮಳವೋ ಕರ್ಪೂರದ ಪರಿಮಳವೋ ಹೇಳಬೇಕು. ರಿಪ್ಪನ್‌ಪೇಟೆಯ ಸಂತೆಯಲ್ಲಿ ನನ್ನ ಮೂಗಿಗೆ ಒಂದಿಷ್ಟು ಮರ್ಯಾದೆಯಿತ್ತು. ಒಂದು ವರ್ಷ ತೊಟ್ಟು ಮುರಿದು ಮೂಸುತ್ತೇನೆ, ಏನೂ ಇಲ್ಲ. ಇನ್ನೊಂದು ಮುರಿದೆ, ಅದೂ ಇಲ್ಲ. ಈ ವರ್ಷ ಮಳೆ ಹೆಚ್ಚು, ಪರಿಮಳ ಕಟ್ಟಿಲ್ಲ ಎಂದು ವ್ಯಾಪಾರಿಗೇ ಬುದ್ಧಿ ಹೇಳಿ ಬಂದೆ. ರಾತ್ರಿಯ ಗಲಾಟೆಯೂ ಆಗಲೇ ಶುರುವಾಯಿತು. ಕನಸಿನಲ್ಲಿ ತೋಟಕ್ಕೆ ನುಗ್ಗಿದ ಮಂಗಗಳನ್ನು ಅಟ್ಟುತ್ತಿದ್ದೆ. ಕೂಗಿ, ಕೈಬೀಸಿ, ಒದ್ದು ಎಚ್ಚರವಾದರೆ ಹೆಂಡತಿ ದಿಂಬು ಹಿಡಿದು ಗೋಡೆಗೆ ಒರಗಿ ಕೂತಿರುತ್ತಿದ್ದಳು. “ಮಂಗ ಹೋಯ್ತಾ?” ಎಂದು ಕೇಳಿ ಮತ್ತೆ ಮಲಗುತ್ತಿದ್ದಳು. ವಾಸನೆ ಹೋಗುವುದು, ಕನಸಿಗೆ ತಕ್ಕಂತೆ ಮೈ ಒದರುವುದು, ಬೆಳಿಗ್ಗೆ ಹೊಟ್ಟೆ ಹಟ ಹಿಡಿಯುವುದು ಇವೆಲ್ಲ ಈ ಕಾಯಿಲೆ ಕೈಗೆ ಇಳಿಯುವುದಕ್ಕೆ ಎಷ್ಟೋ ವರ್ಷ ಮುಂಚೆ ಕಳಿಸುವ ಕಾಗದಗಳು ಎಂದು ಆಮೇಲೆ ತಿಳಿಯಿತು. ಕಾಗದ ಬಂದಿತ್ತು, ವಿಳಾಸ ನನ್ನದೆಂದು ಗೊತ್ತಾಗಲಿಲ್ಲ.

ಸ್ಕಾಟ್ಲೆಂಡಿನ ಪರ್ತ್ ಊರಿನಲ್ಲಿ ಜಾಯ್ ಮಿಲ್ನ್ ಎಂಬ ನಿವೃತ್ತ ನರ್ಸ್ ಇದ್ದಾರೆ. ಗಂಡನ ಮೈಯಿಂದ ಎಂಥದೋ ಹೊಸ ಕಮಟು ವಾಸನೆ ಬರುತ್ತಿದೆ ಎಂದು ಆಕೆಗೆ ಅನಿಸಿದ್ದು ಆತನಿಗೆ ಪಾರ್ಕಿನ್ಸನ್ ಇದೆಯೆಂದು ವೈದ್ಯರು ಹೇಳುವುದಕ್ಕೆ ಹತ್ತು ವರ್ಷಕ್ಕೂ ಹಿಂದೆ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿಯೇ ಬಿಡೋಣವೆಂದು ಕಾಯಿಲೆಯವರು ಆರು ಮಂದಿ, ಕಾಯಿಲೆ ಇಲ್ಲದವರು ಆರು ಮಂದಿ ತೊಟ್ಟ ಟೀ ಶರ್ಟುಗಳನ್ನು ಮೂಸಲು ಕೊಟ್ಟರು. ಆಕೆ ಆರು ರೋಗಿಗಳನ್ನೂ ಸರಿಯಾಗಿ ಹೇಳಿದರು. ಜೊತೆಗೆ ಆರೋಗ್ಯವಂತರ ಗುಂಪಿನ ಒಬ್ಬನನ್ನೂ ಸೇರಿಸಿದರು. ಒಂದು ತಪ್ಪಿತು ಎಂದುಕೊಂಡರು ವಿಜ್ಞಾನಿಗಳು. ಕೆಲವು ತಿಂಗಳ ನಂತರ ಆ ಮನುಷ್ಯನೇ ಬಂದು ತನಗೂ ಪಾರ್ಕಿನ್ಸನ್ ಬಂದಿದೆ ಎಂದ. ನಾನು ಈ ಕಥೆ ಓದಿ ಹೇಳಿದಾಗ ಹೆಂಡತಿ ನನ್ನ ಭುಜದ ಹತ್ತಿರ ಬಗ್ಗಿ ಮೂಸಿದಳು. “ಬ್ಯಾಂಕಿನ ಹಳೇ ಲೆಡ್ಜರಿನ ವಾಸನೆ. ಮೊದಲಿಂದ್ಲೂ ಅದೇ” ಎಂದಳು.

ಬ್ಯಾಂಕಿನಲ್ಲಿ ನನ್ನ ಕೆಲಸದ ಬಹುಪಾಲು ಸಹಿ ನೋಡುವುದು. ಸಹಿ ಹೊಂದಿತು, ಪಾಸು, ಹೊಂದಲಿಲ್ಲ, ವಾಪಸು. ಅಡಿಕೆ ಸುಲಿದು ಬೆರಳು ಕಪ್ಪಾದ ರೈತರು, ಕೈ ನಡುಗುವ ಪಿಂಚಣಿದಾರರು ಕೌಂಟರಿನ ಆಚೆ ನಿಂತು ಉಸಿರು ಬಿಗಿಹಿಡಿದು ಬರೆಯುವಾಗ ನಾನು ಈಚೆ ಕೂತು ಕಾಯುತ್ತಿದ್ದೆ. ನಿವೃತ್ತನಾಗಿ ಸ್ವಲ್ಪ ಕಾಲಕ್ಕೆ ನನ್ನದೇ ಚೆಕ್ಕು ವಾಪಸು ಬಂತು. ಸಹಿಯ ಮೊದಲ ಅಕ್ಷರ ಸರಿಯಾಗಿಯೇ ಇತ್ತು. ಮುಂದೆ ಹೋಗುತ್ತ ಹೋಗುತ್ತ ಅಕ್ಷರಗಳು ಕುಗ್ಗಿ, ಕೊನೆಯಲ್ಲಿ ಊರಿನ ಹೆಸರು ಬರೀ ಚುಕ್ಕೆಯಾಗಿತ್ತು. ಅಕ್ಷರ ಹೀಗೆ ಕುಗ್ಗುವುದೂ ಈ ಕಾಯಿಲೆಯ ಗುರುತೇ; ಪ್ಯಾರಿಸ್ಸಿನ ನರವೈದ್ಯ ಶಾರ್ಕೋ ಹತ್ತೊಂಬತ್ತನೇ ಶತಮಾನದಲ್ಲೇ ತನ್ನ ರೋಗಿಗಳಿಂದ ಬರೆಸಿ ನೋಡುತ್ತಿದ್ದನಂತೆ. ಹೊಸ ಮಾದರಿ ಸಹಿ ಕೊಡಲು ಹೋದೆ. ಕೌಂಟರಿನ ಹುಡುಗಿ ನನ್ನ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಕಾರ್ಡು ಕೈಗೆ ತೆಗೆದುಕೊಂಡು ಕೇಳಿದಳು: “ಸಾರ್, ಇನ್ಮೇಲೆ ಇದೇ ಸೈನ್ ಇರುತ್ತಲ್ವಾ?” ನಾನೂ ಗಿರಾಕಿಗಳಿಗೆ ಇದೇ ಪ್ರಶ್ನೆ ಕೇಳಿದವನು, ಯಾರೂ ಇಲ್ಲ ಎಂದದ್ದಿಲ್ಲ. “ಇದು ಈ ವರ್ಷದ ಸೈಜು ಅಮ್ಮಾ” ಎಂದೆ. ಅವಳು ನಗಲೋ ಬೇಡವೋ ಎಂದು ಮ್ಯಾನೇಜರ್ ಕೋಣೆಯ ಕಡೆ ನೋಡಿದಳು.

ಈ ಕಾಯಿಲೆಯನ್ನು ಮೊದಲು ಸರಿಯಾಗಿ ಬರೆದಿಟ್ಟ ಜೇಮ್ಸ್ ಪಾರ್ಕಿನ್ಸನ್ ಮೇಲೆ ನನಗೆ ಪ್ರೀತಿ. ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ವೈದ್ಯ. ಬಿಡುವಿನಲ್ಲಿ ಪಳೆಯುಳಿಕೆ ಕಲ್ಲು ಹೆಕ್ಕುತ್ತಿದ್ದ, ರಾಜಕೀಯ ಕರಪತ್ರ ಬರೆಯುತ್ತಿದ್ದ. ಮೂರನೇ ಜಾರ್ಜ್ ದೊರೆಯನ್ನು ವಿಷದ ಬಾಣದಿಂದ ಕೊಲ್ಲುವ ಸಂಚು ನಡೆದಿದೆ ಎಂಬ 1794ರ ಪ್ರಕರಣದಲ್ಲಿ ಅವನನ್ನೂ ಕರೆಸಿ ವಿಚಾರಣೆ ಮಾಡಿದ್ದರು. ಇಷ್ಟೆಲ್ಲ ಉಪದ್ವ್ಯಾಪಗಳ ನಡುವೆ, ಅರವತ್ತು ದಾಟಿದ ಮೇಲೆ, 1817ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಇರುವುದು ಆರೇ ರೋಗಿಗಳು. ಅವರಲ್ಲೂ ಇಬ್ಬರು ಬೀದಿಯಲ್ಲಿ ಸಿಕ್ಕವರು, ಒಬ್ಬನನ್ನಂತೂ ದೂರದಿಂದ ನೋಡಿದ್ದು ಅಷ್ಟೇ. ನಮ್ಮೂರಿನ ಪೇಟೆಯಲ್ಲಿ ಅಂಗಡಿ ಕಟ್ಟೆ ಮೇಲೆ ಕೂತು ಹೋಗುವವರ ನಡಿಗೆ ನೋಡಿ, ಇವನಿಗೆ ಸಾಲ ಜಾಸ್ತಿಯಾಗಿದೆ ಎಂದು ಹೇಳುವ ಜನರನ್ನು ಕಂಡಿದ್ದೇನೆ. ಆ ವಿದ್ಯೆ ಇವನಿಗೂ ಇತ್ತು. ಆದರೆ ಇವನು ಮನೆಗೆ ಹೋಗಿ ಬರೆದಿಟ್ಟ. ಮುಂದಕ್ಕೆ ಬಾಗಿದ ಮೈ, ನಡೆಯುತ್ತಲೇ ಓಟಕ್ಕೆ ಬೀಳುವ ಕಾಲು, ಸುಮ್ಮನಿರುವಾಗ ನಡುಗುವ ಕೈ ಎಲ್ಲ ಬರೆದು, ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದು ಸೇರಿಸಿದ. ಕೊನೆಯದು ಎಲ್ಲರ ವಿಷಯದಲ್ಲೂ ನಿಜವಲ್ಲ ಎಂದು ಆಮೇಲಿನ ವೈದ್ಯರು ಕಂಡುಕೊಂಡರು. ನನ್ನ ಹೆಂಡತಿಗೆ ಮೊದಲೇ ಸಂಶಯವಿತ್ತು.

ಇನ್ನೂರು ವರ್ಷ ಕಳೆದರೂ ರೋಗ ಪತ್ತೆಯ ಮುಖ್ಯ ಉಪಕರಣ ನೋಡುವ ಕಣ್ಣೇ. ಬೆಂಗಳೂರಿನ ನರತಜ್ಞರು ಬೆರಳು ತಟ್ಟಿಸಿದರು, ಮುಷ್ಟಿ ಬಿಚ್ಚಿ ಮುಚ್ಚಿಸಿದರು, ಕಾರಿಡಾರಿನಲ್ಲಿ ನಡೆಸಿದರು, ಹಿಂದೆ ನಿಂತು ಹೇಳಿಯೇ ಭುಜ ಹಿಡಿದು ಎಳೆದರು. ಅಷ್ಟರಲ್ಲಿ ಮುಗಿಯಿತು. ಇಷ್ಟು ದೂರ ಬಂದು ಇಷ್ಟೇನಾ ಎಂದು ಹೆಂಡತಿಗೆ ಸಮಾಧಾನವಿಲ್ಲ. ಸ್ಕ್ಯಾನ್ ಕೂಡ ಮಾಡಿಸಿದ್ದಾಯಿತು, ಅದರಲ್ಲಿ ಏನೂ ಕಾಣಲಿಲ್ಲ, ಈ ಕಾಯಿಲೆಯಲ್ಲಿ ಸಾಮಾನ್ಯ ಸ್ಕ್ಯಾನಿನಲ್ಲಿ ಏನೂ ಕಾಣದಿರುವುದೇ ಸಾಮಾನ್ಯ. ಅದೇ ಪ್ರಯಾಣದಲ್ಲಿ ನಿಮ್ಹಾನ್ಸಿನ ಮೆದುಳು ಮ್ಯೂಸಿಯಂ ನೋಡಿ ಬಂದೆವು. ಅಲ್ಲಿ ನಿಜವಾದ ಮನುಷ್ಯರ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನನ್ನ ಕೈಗೆ ಕೊಡುವಾಗ ತೋರಿಸುವ ಹುಡುಗಿ ತನ್ನ ಎರಡೂ ಕೈಯನ್ನು ಕೆಳಗೆ ಒಡ್ಡಿಯೇ ಇದ್ದಳು. ಯಾರದೋ ಜೀವಮಾನದ ನೆನಪೆಲ್ಲ ಇದ್ದ ವಸ್ತು, ನನ್ನ ಎಡಗೈಯನ್ನು ನಂಬಿ ಬಿಡುವುದು ಹೇಗೆ? ನಡುಮೆದುಳನ್ನು ಅಡ್ಡ ಕೊಯ್ದರೆ ಬರಿಗಣ್ಣಿಗೆ ಕಾಣುವಂತೆ ಒಂದು ಕಪ್ಪು ಪಟ್ಟಿ ಇರುತ್ತದೆ. ಕೈಕಾಲಿನ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಾಗುವುದು ಆ ಕಪ್ಪಿನಲ್ಲಿ. ಪಾರ್ಕಿನ್ಸನ್ ಬಂದವರಲ್ಲಿ ಅದು ಬಿಳಿಚಿಕೊಳ್ಳುತ್ತದೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಅಲ್ಲಿನ ಕೋಶಗಳು ಅರ್ಧದಷ್ಟೋ ಹೆಚ್ಚೋ ಸತ್ತಿರುತ್ತವೆ. ನಾನು ಬ್ಯಾಂಕಿನಲ್ಲಿದ್ದಷ್ಟು ಕಾಲ ಭಾನುವಾರ ಭಾನುವಾರ ಕೂದಲಿಗೆ ಕಪ್ಪು ಹಚ್ಚುತ್ತಿದ್ದೆ. ಒಳಗಿನ ಕಪ್ಪಿಗೆ ನರೆ ಬರುತ್ತಿದ್ದುದನ್ನು ಹೇಳುವ ಕನ್ನಡಿ ನಮ್ಮ ಮನೆಯಲ್ಲಿರಲಿಲ್ಲ.

ನಡುಕ ಇರುವುದು ಕೈ ಸುಮ್ಮನಿದ್ದಾಗ. ಲೋಟ ಎತ್ತಲು ಹೋದರೆ ತಣ್ಣಗಾಗುತ್ತದೆ, ತೊಡೆಯ ಮೇಲೆ ಇಟ್ಟರೆ ಶುರು. ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತ, ಸೆಕೆಂಡಿಗೆ ನಾಲ್ಕರಿಂದ ಆರು ಸಲ. ಪಕ್ಕದ ಮನೆಯ ಅಜ್ಜಿ ಜಗಲಿಯಲ್ಲಿ ಕೂತ ನನ್ನನ್ನು ಬಹಳ ದಿನ ನೋಡಿ, ಒಂದು ದಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು. “ದಿನಾ ಎಷ್ಟು ಜಪ ಆಗ್ತದೆ ತಮಾ?”

“ಲೆಕ್ಕ ಇಟ್ಟಿಲ್ಲ ಅಜ್ಜೀ.”

“ಲೆಕ್ಕ ಇಡದೇ ಮಾಡೋ ಜಪವೇ ದೊಡ್ಡದು” ಎಂದು ಕೈಮುಗಿದು ಹೋದರು. ಒಳಗೆ ಬಂದು ಲೆಕ್ಕ ಹಾಕಿದೆ: ಸೆಕೆಂಡಿಗೆ ಐದರಂತೆ ಹಿಡಿದರೂ ನೂರೆಂಟಕ್ಕೆ ಅರ್ಧ ನಿಮಿಷ ಬೇಡ. ನಮ್ಮ ವಂಶದಲ್ಲಿ ಇಷ್ಟು ಪುಣ್ಯ ಸಂಪಾದಿಸಿದವರು ಯಾರೂ ಇಲ್ಲ. ಅಜ್ಜಿಗೆ ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಊರಿನಲ್ಲಿ ನನ್ನ ಬಗ್ಗೆ ಇರುವ ಒಂದೇ ಒಂದು ಸದಭಿಪ್ರಾಯವನ್ನು ಕೈಯಾರೆ ಕೆಡಿಸಿಕೊಳ್ಳುವುದೇಕೆ?

ಮದ್ದಿನ ಕಥೆ ಕಾಯಿಲೆಯ ಕಥೆಗಿಂತ ಸ್ವಾರಸ್ಯ. ನಸುಗುನ್ನಿ ಗೊತ್ತಿಲ್ಲದ ಮಲೆನಾಡಿಗನಿಲ್ಲ. ಬೇಲಿಯ ಮೇಲೆ ಹಬ್ಬುವ ಬಳ್ಳಿ. ಬೇಸಗೆ ಹತ್ತಿರವಾಗುತ್ತ ಕಾಯಿಗೆ ಬಂಗಾರದ ಬಣ್ಣದ ಮಖಮಲ್ಲು ರೋಮ. ನೋಡಿದರೆ ಸವರಬೇಕು ಅನಿಸುತ್ತದೆ, ಸವರಿದವನು ಆ ದಿನ ಬೇರೆ ಕೆಲಸ ಮಾಡುವುದಿಲ್ಲ. ನಮ್ಮ ಕ್ಲಾಸಿನ ಒಬ್ಬ ಮಹಾನುಭಾವ ಅದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದು ಡ್ರಾಯಿಂಗ್ ಮೇಷ್ಟ್ರ ಕುರ್ಚಿಗೆ ಉದುರಿಸಿದ್ದ. ಮೇಷ್ಟ್ರು ಬರುವ ಮೊದಲು ಕಿಟಕಿಯಿಂದ ಗಾಳಿ ಬೀಸಿತು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಾರೆ, ಕ್ಲಾಸಿಗೆ ಕ್ಲಾಸೇ ಕುಣಿಯುತ್ತಿದೆ. ಹೆಡ್‌ಮಾಸ್ಟರು ಕೊಟ್ಟಿಗೆಯಿಂದ ಸಗಣಿ ತರಿಸಿ ಬಳಿಸಿದರು. ಅದರಿಂದ ತುರಿಕೆ ಹೋಯಿತೋ, ವಾಸನೆಗೆ ತುರಿಕೆ ಮರೆತುಹೋಯಿತೋ, ಈಗ ವಿಚಾರಿಸಲು ಆ ಹೆಡ್‌ಮಾಸ್ಟರು ಇಲ್ಲ.

ಈ ನಸುಗುನ್ನಿಯ ಬೀಜದೊಳಗಿನಿಂದ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು 1937ರಲ್ಲಿ ಮೆದುಳಿನಲ್ಲಿ ಡೋಪಮಿನ್ ಆಗುವ ಎಲ್-ಡೋಪಾ ಎಂಬ ಪದಾರ್ಥವನ್ನು ಬೇರ್ಪಡಿಸಿದ್ದರು. ಅದು ಮುಂದೆ ಯಾರ ಕೈಕಾಲು ಬಿಡಿಸುತ್ತದೆಂದು ಆಗ ಅವರಿಗೂ ತಿಳಿಯುವಂತಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಸ್ವೀಡನ್ನಿನಲ್ಲಿ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಚುಚ್ಚಿದ. ಮೊಲಗಳು ಕಿವಿ ಇಳಿಬಿಟ್ಟು ಕಲ್ಲಿನಂತೆ ಕೂತವು. ಆಮೇಲೆ ಡೋಪಾ ಚುಚ್ಚಿದ, ಎದ್ದು ಓಡಾಡಿದವು. ರೆಸರ್ಪಿನ್ ಬರುವುದು ಎಲ್ಲಿಂದ? ಸರ್ಪಗಂಧದ ಬೇರಿನಿಂದ. ಅದೂ ನಮ್ಮ ಕಾಡಿನದೇ. ಅಂದರೆ ಸ್ವೀಡನ್ನಿನ ಮೊಲವನ್ನು ಕೂರಿಸಿದ್ದು ನಮ್ಮ ಒಂದು ಗಿಡದ ಸತ್ವ, ಎಬ್ಬಿಸಿದ ಸತ್ವ ನಮ್ಮ ಇನ್ನೊಂದು ಗಿಡದಲ್ಲೂ ಇತ್ತು. ನಾವು ಮಾತ್ರ ಅದನ್ನು ಮೇಷ್ಟ್ರ ಕುರ್ಚಿಗೆ ಹಾಕುತ್ತಿದ್ದೆವು. ಮನುಷ್ಯರಿಗೆ ಡೋಪಾವನ್ನು ಹೊಟ್ಟೆಗೆ ಕೊಟ್ಟು ಗೆದ್ದವನು ನ್ಯೂಯಾರ್ಕಿನ ವೈದ್ಯ ಜಾರ್ಜ್ ಕೊಟ್ಸಿಯಾಸ್, 1967ರಲ್ಲಿ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಇಷ್ಟನ್ನೂ ಭಾವನವರಿಗೆ ಹೇಳಿದ್ದೇ ಹೇಳಿದ್ದು, ಮರುವಾರ ಅವರು ಗ್ರಂದಿಗೆ ಅಂಗಡಿಯಿಂದ ಒಂದು ಸೇರು ನಸುಗುನ್ನಿ ಪುಡಿ ಹೊತ್ತು ತಂದರು. ನಾನು ನುಂಗುವ ಮಾತ್ರೆಯಲ್ಲಿ ಡೋಪಾ ಎಷ್ಟಿದೆಯೆಂದು ಅಳತೆ ಇದೆ, ಪುಡಿಯಲ್ಲಿ ಎಷ್ಟಿದೆಯೆಂದು ಯಾರಿಗೂ ಗೊತ್ತಿಲ್ಲ, ಎರಡನ್ನೂ ಸೇರಿಸಿದರೆ ಮೈ ಬೇರೆಯೇ ಕುಣಿತ ಶುರುಮಾಡುತ್ತದೆ ಎಂದು ಡಾಕ್ಟರು ತಡೆದರು. ಪುಡಿ ಅಟ್ಟದ ಮೇಲಿದೆ. ಸಗಣಿಯನ್ನೂ ತರಲೇ ಎಂದು ಕೇಳಿದ್ದೆ, ಭಾವನವರು ನಗಲಿಲ್ಲ.

ಮಾತ್ರೆಗೆ ತನ್ನದೇ ಮಡಿಯಿದೆ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ತೊವ್ವೆ, ಹಾಲು, ಮೊಸರಿನ ಪ್ರೋಟೀನು ಕರುಳಿನ ಬಾಗಿಲಲ್ಲೇ ಅದರ ಜೊತೆ ನೂಕಾಟಕ್ಕೆ ನಿಲ್ಲುತ್ತದೆ. ಕಾಯಿಲೆ ಹಳತಾದಂತೆ ಒಂದು ಮಾತ್ರೆಯ ಅವಧಿ ಗಿಡ್ಡವಾಗುತ್ತ ಬರುತ್ತದೆ. ಮದ್ದು ಹಿಡಿದಾಗ ಆನ್, ಬಿಟ್ಟಾಗ ಆಫ್ ಎಂದು ಡಾಕ್ಟರುಗಳೇ ಹೇಳುತ್ತಾರೆ. ನಮ್ಮ ಮಳೆಗಾಲದ ಕರೆಂಟಿನ ಹಾಗೆ: ಬಂದಾಗ ಎಲ್ಲ ಕೆಲಸ ಮುಗಿಸಿಕೊಳ್ಳಬೇಕು, ಹೋದಾಗ ಎಲ್ಲಿದ್ದೇವೋ ಅಲ್ಲೇ ಕೂರಬೇಕು, ಯಾವಾಗ ಬರುತ್ತದೆ ಎಂದು ಫೋನ್ ಮಾಡಬಾರದು.

ಇದರ ನಿಜವಾದ ಪರೀಕ್ಷೆ ಮದುವೆ ಮನೆಯ ಊಟ. ಮೊದಲ ಪಂಕ್ತಿಯೋ ಎರಡನೆಯದೋ ಎಂದು ಮೊದಲೇ ತಿಳಿದರೆ ಮಾತ್ರೆಯ ಹೊತ್ತು ಹೊಂದಿಸಬಹುದು. ಯಾವ ಮದುವೆಯಲ್ಲಿ ಇದು ಮೊದಲೇ ತಿಳಿಯುತ್ತದೆ? ಮೊನ್ನೆ ಒಂದು ಉಪನಯನದಲ್ಲಿ, ಇನ್ನೇನು ಎಲೆ ಹಾಕುತ್ತಾರೆ ಎಂದು ಮಾತ್ರೆ ನುಂಗಿದೆ. ಭಿಕ್ಷಾವಂದನೆ ತಡವಾಯಿತು. ಪಂಕ್ತಿಗೆ ಕೂತು ಚಿತ್ರಾನ್ನ ಮುಗಿಸುವ ಹೊತ್ತಿಗೆ ಕೈ ಭಾರವಾಗತೊಡಗಿತು. ಹೋಳಿಗೆ ಬಂತು. ಒಂದು ಬಿತ್ತು. ಸಾಕು ಎನ್ನಲು ಕೈ ಎತ್ತಬೇಕು. ಎತ್ತು ಎಂದು ಮನಸ್ಸು ಹೇಳಿದೆ, ಕೈಗೆ ಸುದ್ದಿ ಮುಟ್ಟಿಲ್ಲ. ಬಾಯಲ್ಲಿ ಹೇಳೋಣವೆಂದರೆ ನನ್ನ ದನಿ ಈಗ ನನ್ನ ಪಂಚೆಯನ್ನೂ ದಾಟುವುದಿಲ್ಲ. ಮುಖದಲ್ಲಿ ತೋರಿಸೋಣವೆಂದರೆ ಮುಖದ ಸ್ನಾಯುಗಳೂ ಬಿಗಿದು, ಯಾವ ಭಾವವೂ ಇಲ್ಲದ ಪ್ರಶಾಂತತೆ. ಬಡಿಸುವ ಹುಡುಗ ಅದನ್ನು ಸಮ್ಮತಿ ಎಂದುಕೊಂಡ. ನನ್ನ ಕೈ ಎಲೆಗೆ ಅಡ್ಡ ಬರುವ ಹೊತ್ತಿಗೆ ಐದು ಹೋಳಿಗೆ ಬಿದ್ದು, ಮೇಲೆ ತುಪ್ಪವೂ ಬಿದ್ದಿತ್ತು. ಎಲೆಯಲ್ಲಿ ಬಿಡುವ ಪದ್ಧತಿ ನಮ್ಮದಲ್ಲ. ಎದುರು ಸಾಲಿನಿಂದ ಹೆಂಡತಿ ನೋಡುತ್ತಿದ್ದಳು. ಅವಳ ಮುಖದ ಸ್ನಾಯುಗಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು.

ಪ್ರಯಾಣದ ಕುಲುಕಾಟದಿಂದ ಈ ಕಾಯಿಲೆಗೆ ಆರಾಮ ಸಿಗುತ್ತದೆ ಎಂದು ಶಾರ್ಕೋ ನಂಬಿದ್ದ. ರೈಲಿನಲ್ಲಿ, ಕುದುರೆಗಾಡಿಯಲ್ಲಿ ದೂರ ಬಂದ ರೋಗಿಗಳು ಹಗುರಾಗಿದ್ದನ್ನು ಕಂಡು ಅವನು ಅಲುಗಾಡುವ ಕುರ್ಚಿಯೊಂದನ್ನೇ ಮಾಡಿಸಿದ. ಶಿಕಾಗೋದ ವೈದ್ಯರು ನೂರಿಪ್ಪತ್ತು ವರ್ಷದ ಮೇಲೆ ಪರೀಕ್ಷಿಸಿ, ಅಲುಗಾಡದ ಕುರ್ಚಿಯಲ್ಲಿ ಸುಮ್ಮನೆ ಕೂತವರಿಗೂ ಅಷ್ಟೇ ಗುಣ ಕಂಡಿತೆಂದು ಬರೆದರು. ಅವರು ನಮ್ಮ ಕಡೆಯ ಬಸ್ಸಿನ ಹಿಂದಿನ ಸೀಟನ್ನು ಪರೀಕ್ಷಿಸಿಲ್ಲ.

ಕಾಲಿನದು ಬೇರೆಯೇ ತಕರಾರು. ನಡೆಯುತ್ತ ನಡೆಯುತ್ತ ಬಾಗಿಲ ಹತ್ತಿರ ಬಂದಾಗ ಪಾದ ನೆಲಕ್ಕೆ ಅಂಟುತ್ತದೆ. ಮೇಲಿನ ಮೈ ಹೊರಟಿರುತ್ತದೆ, ಕೆಳಗಿನದು ಬಂದಿರುವುದಿಲ್ಲ. ಮಗ ಬೆಂಗಳೂರಿಗೆ ಬಂದುಬಿಡಿ ಎನ್ನುತ್ತಾನೆ. ಒಳ್ಳೆಯ ಹುಡುಗ, ಒಳ್ಳೆಯ ಸೊಸೆ, ಹತ್ತಿರದಲ್ಲೇ ಆಸ್ಪತ್ರೆ. ಆದರೆ ಅವರ ಫ್ಲ್ಯಾಟಿನ ನೆಲ ಒಂದು ಗೆರೆಯಿಲ್ಲದ ಹೊಳೆಯುವ ಕಲ್ಲು, ಬಾಗಿಲುಗಳಿಗೆ ಹೊಸಿಲೇ ಇಲ್ಲ. ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಗೆ, ದೇವರ ಕೋಣೆಗೆ, ಜಗಲಿಗೆ ಗೇಣೆತ್ತರದ ಹೊಸಿಲು. ಮುಗ್ಗರಿಸಿ ಬೀಳುತ್ತೀರಿ ಎಂದು ಎಲ್ಲರೂ ಹೆದರಿಸುತ್ತಾರೆ, ಹೆದರಿಕೆ ಸುಳ್ಳೂ ಅಲ್ಲ. ಆದರೆ ನನ್ನ ಕಾಲಿಗೆ ದಾಟಲು ಏನಾದರೂ ಬೇಕು. ದಾಟು ಎಂದರೆ ದಾಟುತ್ತದೆ. ಸುಮ್ಮನೆ ನಡೆ ಎಂದರೆ ಯೋಚನೆಗೆ ಬೀಳುತ್ತದೆ. ತಾನಾಗಿ ಆಗುವ ಕೆಲಸಗಳ ಖಾತೆ ಮುಚ್ಚಿದೆ, ಬೇಕೆಂದು ಮಾಡುವ ಕೆಲಸಗಳ ಖಾತೆ ಇನ್ನೂ ಚಾಲ್ತಿಯಲ್ಲಿದೆ. ನೆದರ್‌ಲ್ಯಾಂಡಿನ ವೈದ್ಯರು 2010ರಲ್ಲಿ ಒಬ್ಬ ರೋಗಿಯ ವಿಷಯ ಪ್ರಕಟಿಸಿದರು: ನಾಲ್ಕು ಹೆಜ್ಜೆ ಇಡಲಾರದ ಆತ ಸೈಕಲ್ ಹತ್ತಿಸಿದರೆ ಸಲೀಸಾಗಿ ತುಳಿದು ತಿರುಗಿಸಿಕೊಂಡು ಬರುತ್ತಿದ್ದ. ಪುಣೆ ಮೂಲದ ಮಿಲೆಹಾ ಸೋನೇಜಿ ಎಂಬ ವಿನ್ಯಾಸಗಾರ್ತಿ, ಈ ಕಾಯಿಲೆಯಿದ್ದ ತನ್ನ ಸಂಬಂಧಿಕರೊಬ್ಬರು ಮೆಟ್ಟಿಲು ಸರಾಗವಾಗಿ ಇಳಿದು ಸಮನೆಲಕ್ಕೆ ಬಂದಾಗ ನಿಂತುಬಿಡುವುದನ್ನು ನೋಡಿ, ನೆಲದ ಮೇಲೆ ಮೆಟ್ಟಿಲಿನ ಚಿತ್ರವನ್ನೇ ಹಾಸಿದಳು. ಅವರು ಚಿತ್ರದ ಮೇಲೆ ನಡೆದರು.

ನಮ್ಮ ಮೊಮ್ಮಗಳು ಇದನ್ನೆಲ್ಲ ಓದಿದವಳಲ್ಲ. ರಜದಲ್ಲಿ ಅವರ ಮನೆಗೆ ಹೋಗಿದ್ದಾಗ ನಾನು ಹಾಲಿನ ನಡುವೆ ಸಿಕ್ಕಿ ನಿಂತದ್ದನ್ನು ನೋಡಿ, ಸೀಮೆಸುಣ್ಣ ತಂದು ಆ ದುಬಾರಿ ಕಲ್ಲಿನ ಮೇಲೆ ಕುಂಟಾಬಿಲ್ಲೆ ಮನೆ ಬರೆದಳು. “ಅಜ್ಜಾ, ಗೆರೆ ತುಳಿದ್ರೆ ಔಟು.” ಸೋಫಾದಿಂದ ಬಚ್ಚಲಿನವರೆಗೆ ಎಂಟು ಮನೆ. ಗೆರೆ ತುಳಿಯದೆ ಹೋದೆ. ವಾಪಸು ಬರುವಾಗ ಬಿಲ್ಲೆ ಎಸೆಯದೆ ಬಂದದ್ದು ಮೋಸ ಎಂದು ಜಗಳ ತೆಗೆದಳು, ಮತ್ತೆ ಹೋಗಬೇಕಾಯಿತು. ಸೊಸೆ ಏನೂ ಅನ್ನಲಿಲ್ಲ. ಮರುದಿನ ಒರೆಸಲು ಬಂದ ಹೆಂಗಸಿಗೆ ಮಾತ್ರ, ಅಲ್ಲಿ ಬಿಟ್ಟು ಒರೆಸು ಎಂದಳು.

ಇಂಥ ಮಾತುಗಳನ್ನು ಕೇಳಿದವರು ಕೂಡಲೇ ನನ್ನನ್ನು ಸ್ಫೂರ್ತಿ ಎಂದು ಕರೆಯಲು ತಯಾರಾಗುತ್ತಾರೆ. ಅದು ನನಗೆ ಬೇಡ. ಕಾಯಿಲೆ ಬಂದವನಿಗೆ ಈ ಲೋಕದಲ್ಲಿ ಎರಡೇ ಕುರ್ಚಿ: ಒಂದು ಅಯ್ಯೋ ಪಾಪದ್ದು, ಇನ್ನೊಂದು ಸನ್ಮಾನದ್ದು. ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಪಾರ್ಕಿನ್ಸನ್ ಬಂದವರು ಬೆಟ್ಟ ಹತ್ತುತ್ತಾರೆ, ವಿಮಾನದಿಂದ ಜಿಗಿಯುತ್ತಾರೆ. ಸಂತೋಷ. ನಾನು ಕಾಲು ಗಟ್ಟಿಯಿದ್ದಾಗಲೇ ಕೊಡಚಾದ್ರಿಗೆ ಜೀಪಿನಲ್ಲಿ ಹೋದವನು. ಈಗ ಯಾಕೆ ಹತ್ತಲಿ? ಇದೇ ಕಾಯಿಲೆಯಿದ್ದ ಬಾಕ್ಸರ್ ಮಹಮ್ಮದ್ ಅಲಿ 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಜ್ಯೋತಿ ಹಚ್ಚಿದ್ದನ್ನು ಟೀವಿಯಲ್ಲಿ ನೋಡಿದ ನೆನಪಿದೆ. ಬಲಗೈಯಲ್ಲಿ ಪಂಜು, ಎಡಗೈ ತನ್ನಷ್ಟಕ್ಕೆ ನಡುಗುತ್ತಿತ್ತು. ಆಗ ಎಲ್ಲರೂ ಪಂಜನ್ನು ನೋಡಿದರು. ನನಗೀಗ ಆ ಎಡಗೈ ನೆನಪಾಗುತ್ತದೆ. ಅದನ್ನು ಮರೆಮಾಡಲು ಆತ ಯಾವ ಉಪಾಯವನ್ನೂ ಮಾಡಲಿಲ್ಲ.

ನನ್ನ ಮಟ್ಟಿಗೆ ಪೂರ್ತಿ ಬದುಕುವುದೆಂದರೆ ಮೊದಲಿದ್ದ ದುರ್ಗುಣಗಳಲ್ಲಿ ಒಂದನ್ನೂ ಕಾಯಿಲೆಗೆ ಬಿಟ್ಟುಕೊಡದಿರುವುದು. ಭಾನುವಾರ ಸಂಜೆಯ ಇಪ್ಪತ್ತೆಂಟರ ಇಸ್ಪೀಟು ಆಟ ನಿಂತಿಲ್ಲ. ಎಲೆ ಹಿಡಿಯಲು ಅಕ್ಕಿ ತುಂಬಿದ ಒಂದು ಡಬ್ಬ ಎದುರಿಗಿಟ್ಟು ಅದರಲ್ಲಿ ಸಿಕ್ಕಿಸುತ್ತೇನೆ. ಮುಖ ಬಿಗಿದ ಮೇಲೆ ನನ್ನ ಆಟ ಎಷ್ಟೋ ಸುಧಾರಿಸಿದೆ. ಮೊದಲೆಲ್ಲ ಕೈಗೆ ಗುಲಾಮ ಬಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ಎರಡು ಗುಲಾಮ ಬಂದರೂ ಶವಸಂಸ್ಕಾರಕ್ಕೆ ಬಂದವನ ಹಾಗಿರುತ್ತೇನೆ. ಇವನ ತುರುಫು ಏನೆಂದು ದೇವರಿಗೂ ತಿಳಿಯದು ಎಂದು ಭಾವನವರು ಬೀಡಿ ಕಚ್ಚುತ್ತಾರೆ. ಕೈ ಹೆಚ್ಚು ನಡುಗಿದರೆ ಒಳ್ಳೆ ಎಲೆ ಬಂದಿದೆ ಎಂದು ಅವರದೊಂದು ಸಿದ್ಧಾಂತ. ಉದ್ವೇಗವಾದರೆ ನಡುಕ ಹೆಚ್ಚುವುದು ನಿಜವೇ. ಹಾಗಾಗಿ ಎಲೆ ಕೆಟ್ಟದಿದ್ದಾಗ ನಾನೇ ಸ್ವಲ್ಪ ನಡುಗಿಸುತ್ತೇನೆ.

ರಾತ್ರಿ ಬೇರೆ ಲೆಕ್ಕ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಈಗ ಯೋಜನೆ ಹಾಕಿ ಮಾಡುವ ಕೆಲಸ. ಮೊದಲು ಮೊಣಕಾಲು, ಆಮೇಲೆ ಸೊಂಟ, ಕೊನೆಗೆ ಭುಜ. ಹೆನ್ ಮತ್ತು ಯಾರ್ ಎಂಬ ಇಬ್ಬರು 1967ರಲ್ಲಿ ಈ ಕಾಯಿಲೆಯನ್ನು ಐದು ಹಂತಗಳಾಗಿ ಪಟ್ಟಿ ಮಾಡಿದ್ದಾರೆ. ಮೈಯ ಒಂದು ಬದಿ, ಎರಡೂ ಬದಿ, ಆಮೇಲೆ ತೂಕ ತಪ್ಪುವುದು. ನಾಲ್ಕು ಮತ್ತು ಐದನ್ನು ಒಮ್ಮೆ ಓದಿದ್ದೇನೆ, ಮತ್ತೆ ಆ ಪುಟ ತೆಗೆದಿಲ್ಲ. ಮದ್ದು ನಡುಕ ಬಿಗಿತಗಳನ್ನು ತಗ್ಗಿಸುತ್ತದೆ. ಒಳಗೆ ಕಪ್ಪು ಮಾಸುವುದನ್ನು ನಿಲ್ಲಿಸುವ ಮದ್ದು ಇನ್ನೂ ಬಂದಿಲ್ಲ. ಇದನ್ನು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು, ಹೆಂಡತಿಯೂ ಕೇಳಿಸಿಕೊಂಡಳು. ಆವತ್ತು ರೈಲಿನಲ್ಲಿ ಬರುವಾಗ ಅರಸೀಕೆರೆ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು, “ಊರಿಗೆ ಹೋದ ಕೂಡ್ಲೆ ನಿಮ್ಮ ಗುಂಡಿ ಅಂಗಿಗಳಿಗೆಲ್ಲ ಟಿಚ್ ಬಟನ್ ಹಾಕಿಸ್ತೇನೆ” ಎಂದಳು. ಹಾಕಿಸಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಎದುರು ನಿಂತು, ಒಂದೊಂದೇ ಗುಂಡಿ ಹಾಕುತ್ತ, ಹಿಂದಿನ ದಿನ ನಾನು ಮಾಡಿದ ಒಂದೊಂದೇ ತಪ್ಪನ್ನು ಹೇಳುವ ಅವಕಾಶ ಟಿಚ್ ಬಟನ್ನಿನಲ್ಲಿ ಸಿಗುವುದಿಲ್ಲ ಎಂದು ಅವಳಿಗೆ ಹೊಳೆದಿರಬೇಕು. ಅಂಗಿಗೆ ಆರು ಗುಂಡಿ. ಕೆಲವು ದಿನ ಸಾಲುವುದಿಲ್ಲ.

ಈಗ ಹೊಸದಾಗಿ ದನಿಯ ಚಿಕಿತ್ಸೆ ನಡೆದಿದೆ. ಕಾಯಿಲೆ ದನಿಯನ್ನು ಇಳಿಸುತ್ತದೆ, ಇಳಿದದ್ದು ಇಳಿದವನಿಗೆ ತಿಳಿಯುವುದಿಲ್ಲ; ನಾನು ಸರಿಯಾಗಿಯೇ ಮಾತಾಡುತ್ತಿದ್ದೇನೆ, ಇವಳಿಗೇ ಕಿವಿ ಮಂದವಾಗಿದೆ ಎಂದು ಎಷ್ಟೋ ಕಾಲ ಅಂದುಕೊಂಡಿದ್ದೆ. ಅವಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮಾತನ್ನೂ ಆಡಿದ್ದೆ, ಅದು ಅವಳಿಗೆ ಕೇಳಿಸಿರಲಿಲ್ಲ. ತರಬೇತಿ ಕೊಡುವ ಹುಡುಗಿ ಹೇಳಿದಳು: ದಿನಾ ಬೆಳಿಗ್ಗೆ ಉಸಿರು ಇರುವಷ್ಟು ಹೊತ್ತು ಆ ಎಂದು ಕೂಗಬೇಕು. ಆಮೇಲೆ ನೀವು ಮನೆಯಲ್ಲಿ ದಿನಾ ಆಡುವ ಹತ್ತು ಮಾತು ಬರೆದುಕೊಂಡು, ಒಂದೊಂದನ್ನೂ ಆಚೆ ಬೀದಿಯವರಿಗೆ ಹೇಳುವಂತೆ ಜೋರಾಗಿ ಹೇಳಬೇಕು.

ಬರೆಯಲು ಕೂತೆ. ಹತ್ತು ಮಾತು ನೆನಪಾಗಲಿಲ್ಲ. ಅಕ್ಷರವೂ ಮೂಡಲಿಲ್ಲ. ಹೆಂಡತಿ ಪೆನ್ನು ಕಿತ್ತುಕೊಂಡು ಗಡಿಯಾರ ನೋಡದೆ ಬರೆದು ಮುಗಿಸಿದಳು. ಕಾಫಿ ಆಯ್ತಾ? ಫೋನು ಯಾರದ್ದು? ಪೇಪರ್ ಬಂತಾ? ನನಗೆ ಹೇಳಲೇ ಇಲ್ಲ. ಅದನ್ನ ಇಲ್ಲೇ ಇಟ್ಟಿದ್ದೆ. ಉಪ್ಪು ಸ್ವಲ್ಪ ಕಡಿಮೆ. ಆಮೇಲೆ ನೋಡೋಣ. ನಿನ್ನ ಅಣ್ಣ ಯಾವಾಗ ಹೋಗ್ತಾರೆ? ಫ್ಯಾನ್ ಯಾರು ಆರಿಸಿದ್ದು? ನನ್ನ ಕನ್ನಡಕ ಎಲ್ಲಿ? ಇಷ್ಟು ವರ್ಷದ ಸಂಸಾರ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸಿತು. ಇದರಲ್ಲಿ ನಿನ್ನ ಬಗ್ಗೆ ಒಂದೂ ಇಲ್ಲವಲ್ಲ ಎಂದೆ. “ನೀವು ದಿನಾ ಆಡೋ ಮಾತು ಅಂದಿದ್ದು ಅವಳು” ಎಂದಳು.

ಜಗಲಿಯ ಕಂಬ ಹಿಡಿದು ನಿಂತು ಸಾಧನೆ ಮಾಡುತ್ತೇನೆ. ಮೊದಲ ವಾರ ಹಾಲಿನವನು ಯಾರಿಗೋ ಏನೋ ಆಯಿತೆಂದು ಕ್ಯಾನು ಬಿಟ್ಟು ಓಡಿಬಂದ. ಬೀದಿಯ ಇನ್ನೊಂದು ತುದಿಯ ನಾಯಿ ಆ ಎನ್ನುವುದನ್ನು ನನಗಿಂತ ಉದ್ದ ಎಳೆಯಲು ಕಲಿತಿತು. ಒಂದು ಬೆಳಿಗ್ಗೆ ನಿನ್ನ ಅಣ್ಣ ಯಾವಾಗ ಹೋಗ್ತಾರೆ ಎಂದು ಅಭ್ಯಾಸ ಮಾಡುವಾಗ ಭಾವನವರು ಗೇಟು ತೆಗೆದು ಒಳಗೆ ಬರುತ್ತಿದ್ದರು. ಅದನ್ನು ಸರಿಪಡಿಸಲು ಇಡೀ ಸಂಜೆ ಇಸ್ಪೀಟಿನಲ್ಲಿ ಅವರ ಕೈಯಲ್ಲಿ ಸೋಲಬೇಕಾಯಿತು. ಆದರೂ ದನಿ ನಿಜಕ್ಕೂ ಏರಿದೆ. ಇವತ್ತು ಬೆಳಿಗ್ಗೆ ಕೊನೆಯ ಮಾತಿಗೆ ಬಂದು, ಎದೆ ತುಂಬ ಉಸಿರೆಳೆದು, “ನನ್ನ ಕನ್ನಡಕ ಎಲ್ಲಿ?” ಎಂದು ಕೂಗಿದೆ. ಬೇಲಿಯ ಆಚೆಯಿಂದ ಜಪದ ಅಜ್ಜಿಯ ದನಿ ಬಂತು: “ಹಣೆ ಮೇಲೆ ನೋಡ್ಕ್ಯ ತಮಾ!”

ಅಲ್ಲೇ ಇತ್ತು.